ಗಣೆಯ ನಾದದಲ್ಲಿ ಜುಂಜಪ್ಪನ ಬದುಕು

ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಹಿರಿಯೂರು, ಚಳ್ಳಕೆರೆಗಳಲ್ಲಿಯೂ ನೆಲೆಸಿರುವ ಕಾಡುಗೊಲ್ಲರು, ತಮ್ಮ ಕುಲದ ದನಗಾಹಿಯೊಬ್ಬನ ಬದುಕನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ದನ ಮೇಯಿಸಿ, ಮನೆಮಂದಿಯನ್ನು ಸಲಹಿ, ಕಡೆಗೆ ಒಡಹುಟ್ಟಿದವಳು ಬಡಿಸಿದ ವಿಷದ ಊಟ ಉಂಡು ಮಡಿದನೆಂದು ಹೇಳಲಾಗುವ ಆತನೇ ಜುಂಜಪ್ಪ. ಅವನ ಕಥೆಯ ಜೊತೆಗೆ ಊದುವ ಬಿದಿರಿನ ಉದ್ದ ಕೊಳಲೇ ಗಣೆ. ಜುಂಜಪ್ಪನೇ ಗಣೆ ಊದುತ್ತ ದನ ಕಾಯುತ್ತಿದ್ದನೆಂಬ ನಂಬಿಕೆಯಿರುವುದರಿಂದ ಕಾಡುಗೊಲ್ಲರಿಗೆ ಈ ಕೊಳಲು ಪೂಜೆಗೆ ಸಲ್ಲುವ ದೇವರ ವಸ್ತುವೂ ಹೌದು.

ಸಂಗೀತ ಕಚೇರಿಯ ಕೊಳಲಿಗಿಂತ ಗಣೆ ಬಹಳ ಉದ್ದವಾಗಿದ್ದು, ಕೊಳವೆ ನೀಳವಾದಷ್ಟೂ ಒಳಗಿನ ಗಾಳಿಯ ಕಂಪನ ನಿಧಾನವಾಗುವುದರಿಂದ ಅದರ ದನಿ ಮಂದ್ರದಲ್ಲಿ ನಿಲ್ಲುತ್ತದೆ. ಬೆರಳಾಡಿಸುವ ರಂಧ್ರಗಳು ಕೆಲವೇ ಆದ್ದರಿಂದ ರಾಗವಿಸ್ತಾರಕ್ಕೆ ಅಲ್ಲಿ ಎಡೆ ಕಡಿಮೆ. ಇರುಳಿಡೀ ಸಾಗುವ ಕಥೆಗೆ ಬೇಕಾಗುವುದಾದರೂ ಮತ್ತೆ ಮತ್ತೆ ಮರಳಿಬರುವ ಒಂದು ಧಾಟಿ ಮಾತ್ರ. ಊದುವವನು ಅದೇ ಉಸಿರಿನಲ್ಲಿ ಹಾಡಲಾರನಾದ್ದರಿಂದ ನಾದ ಮತ್ತು ಮಾತು ಸರದಿಯಂತೆ ಬರುತ್ತವೆ, ಇಲ್ಲವೇ ಜೊತೆಗಾರರು ಕಥೆಯನ್ನು ಎತ್ತಿಕೊಳ್ಳುತ್ತಾರೆ. ಗಣೆ ಊದುವುದು ಗಂಡಸರ ವಿದ್ಯೆಯಾಗಿಯೇ ಉಳಿದುಬಂದಿದೆ.

ಈ ಕಾವ್ಯದ ಬೇರು ನೆಲದ ಗುಣದಲ್ಲಿದೆ. ವರ್ಷಕ್ಕೆ ಸುಮಾರು 500ರಿಂದ 700 ಮಿಲಿಮೀಟರ್‌ಗಳಷ್ಟು ಮಾತ್ರ ಮಳೆ ಕಾಣುವ, ಜಯಮಂಗಲಿ, ಸುವರ್ಣಮುಖಿಯಂತಹ ಹೊಳೆಗಳೂ ವರ್ಷದ ಬಹುಕಾಲ ಮರಳಾಗಿಯೇ ಇರುವ ಈ ಬಂಡೆಗುಡ್ಡಗಳ ನಾಡಿನಲ್ಲಿ ಬೇಸಾಯವೊಂದನ್ನೇ ನೆಚ್ಚುವುದು ಕಷ್ಟವಾದ್ದರಿಂದ ದನ, ಕುರಿ, ಮೇಕೆಗಳೇ ಬರಗಾಲದ ಆಸರೆಯಾಗಿದ್ದವು. ಪಾವಗಡದ ಕಡೆ ಕಾಣಸಿಗುವ ತೆಲುಗು ಮಾತಿನ ಊರುಗೊಲ್ಲರಿಂದ ಬೇರೆಯಾದ ಕಾಡುಗೊಲ್ಲರು ಕನ್ನಡಿಗರು. ಊರಿಗೆ ದೂರವಾಗಿ, ಮುಳ್ಳುಬೇಲಿಯ ನಡುವೆ ಕಟ್ಟಿಕೊಂಡ ಅವರ ನೆಲೆಗೆ ಗೊಲ್ಲರಹಟ್ಟಿ ಎಂದೂ ದನಕುರಿಗಳನ್ನು ಕೂಡುವ ಆವರಣಕ್ಕೆ ರೊಪ್ಪ ಎಂದೂ ಹೆಸರು. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎನಿಸಿದ ಸರ್ಕಾರಿ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು, ಅಂದರೆ ಕಾವಲುಗಳು, ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದುದನ್ನು ನೆನೆದರೆ, ದನಗಾಹಿಯೊಬ್ಬ ಇಲ್ಲಿ ನಾಯಕನಾದುದು ಸಹಜವೆನಿಸುತ್ತದೆ.

ಕಾವ್ಯದ ಪಾಠಗಳು ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುತ್ತವೆಯಾದರೂ ಕಥೆಯ ಎಳೆ ಒಂದೇ. ಚಿನ್ನಮ್ಮನ ಮಗನಾಗಿ ಹುಟ್ಟಿದ ಜುಂಜಪ್ಪನಲ್ಲಿ ಭಕ್ತರು ಶಿವನ ಅಂಶವನ್ನು ಕಾಣುತ್ತಾರೆ. ಆದರೆ ಹಾಡು ಅವನನ್ನು ನಡೆಸುವುದು ಕಾಡಿನಲ್ಲಿ ಮಂದೆಯ ಹಿಂದೆ, ಹುಲ್ಲು ನೀರುಗಳ ಬೆನ್ನು ಹತ್ತಿ, ಎದುರಾದ ಆಪತ್ತುಗಳನ್ನೆಲ್ಲ ಎದುರಿಸುವ ದುಡಿಮೆಗಾರನಾಗಿಯೇ. ಅವನ ಏಳಿಗೆಯನ್ನು ಸಹಿಸದ ಸೋದರಮಾವಂದಿರು ಒಡಹುಟ್ಟಿದ ಮಾರಕ್ಕನ ಮನಸ್ಸನ್ನು ಕೆಡಿಸುತ್ತಾರೆ. ಅವಳು ವಿಷ ಬೆರೆಸಿ ಊಟ ಬಡಿಸುತ್ತಾಳೆ. ಅದನ್ನು ಉಂಡ ಜುಂಜಪ್ಪ ಮಡಿದು, ಮುಂದೆ ದೈವವಾಗಿ ನೆಲೆಗೊಳ್ಳುತ್ತಾನೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ಮುಖ್ಯ ನೆಲೆ. ಹಾವು ಚೇಳುಗಳ ಭಯವಿರುವಲ್ಲಿ ಒಕ್ಕಲಿನವರು, ಅಂದರೆ ಆ ದೈವಕ್ಕೆ ನಡೆದುಕೊಳ್ಳುವ ಮನೆತನದವರು, ಅವನ ಹೆಸರಿನಲ್ಲಿ ಹರಕೆ ಹೊರುತ್ತಾರೆ.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ನೆನಪೂ ಉಂಟು. ಕಳ್ಳರು ಅಟ್ಟಿಕೊಂಡು ಹೋದ ದನಗಳನ್ನು ಬಿಡಿಸಲು ಹೋರಾಡಿ ಸತ್ತವರಿಗಾಗಿ ನೆಟ್ಟ ತುರುಗೋಳಿನ ವೀರಗಲ್ಲುಗಳು ಕರ್ನಾಟಕದಾದ್ಯಂತ ಇದ್ದು, ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವ ಇಂಥ ಕಲ್ಲಿನ ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಕಾಣುತ್ತವೆ. ಸತ್ತವನ ಮನೆಯವರ ಜೀವನಕ್ಕೆಂದು ಬಿಟ್ಟುಕೊಟ್ಟ ನೆಲದ ಪ್ರಸ್ತಾಪ ಕೆಲವು ಶಾಸನಗಳಲ್ಲಿ ಬರುವುದನ್ನು ಬಿಟ್ಟರೆ, ಆ ಮನುಷ್ಯ ಸಾಯುವುದಕ್ಕೆ ಮೊದಲು ಹೇಗೆ ಬದುಕಿದ್ದನೆಂಬುದನ್ನು ಕಲ್ಲು ಹೇಳುವುದೇ ಇಲ್ಲ. ಗಣೆಯ ಕಾವ್ಯದ ಹಿರಿಮೆ ಇಲ್ಲಿಯೇ ಇದೆ. ವರ್ಷಗಟ್ಟಲೆಯ ದನಗಾವಲು, ಮನೆಯೊಳಗಿನ ಮುನಿಸು, ತವರಿನವರ ಹೊಟ್ಟೆಕಿಚ್ಚು, ಅಣ್ಣತಂಗಿಯರ ನಡುವಿನ ನಂಬಿಕೆ ಮುರಿದು ಬೀಳುವ ಬಗೆ, ಇವೆಲ್ಲಕ್ಕೂ ಅದರಲ್ಲಿ ಎಡೆ ದೊರೆತಿದೆ. ಯುದ್ಧದಲ್ಲಿ ಮಡಿದವನಿಗೆ ಸ್ವರ್ಗ ಸುಲಭವಾಗಿ ದಕ್ಕುತ್ತದೆ. ತನ್ನವರ ಕೈಯಲ್ಲಿ ಮಡಿದವನ ದುಃಖವನ್ನು ಹೇಳಿಕೊಳ್ಳುವುದಕ್ಕೆ ಮಾತ್ರ ಇಡೀ ಇರುಳು ಬೇಕಾಗುತ್ತದೆ.

ಹಟ್ಟಿಯ ಆಡಳಿತವನ್ನು ಗೌಡ, ಪೂಜಾರಿ, ಕೋಲುಕಾರ ಎಂಬ ಮೂವರು ನಡೆಸುವ ಪದ್ಧತಿಯಿದ್ದು, ಹಬ್ಬ ಪರಿಷೆಗಳ ಜೊತೆಗೆ ಮೈಲಿಗೆಯ ಕಟ್ಟುಕಟ್ಟಳೆಗಳೂ ಅದರೊಳಗೇ ಬರುತ್ತವೆ. ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ರೂಢಿ ಈ ಕಟ್ಟಳೆಗಳಲ್ಲಿ ಅತ್ಯಂತ ಕಠೋರವಾದುದು. ಸಂಸ್ಕೃತಿಯ ಹೆಸರಿನಲ್ಲಿ ಅದನ್ನು ಮೆಚ್ಚಿ ಬರೆಯುವುದಕ್ಕೆ ಯಾವ ಕಾರಣವೂ ಇಲ್ಲ. ಹಾಗೆ ಹೊರಗಿಡಲಾದ ಹೆಂಗಸರೇ ಈ ಸಮುದಾಯದ ಹಾಡಿನ ದೊಡ್ಡ ಪಾಲನ್ನು ನಾಲಗೆಯ ಮೇಲೆ ಕಾಪಾಡಿಕೊಂಡು ಬಂದವರೆಂಬುದು ಗಮನಾರ್ಹ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ಹಾಡಬಲ್ಲವರಾಗಿದ್ದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವಕ್ಕೂ ಪಾತ್ರರಾದರು.

ಬರಹದ ಲೋಕಕ್ಕೆ ಈ ಪರಂಪರೆ ಬಂದದ್ದು ತಡವಾಗಿ. ತೀ. ನಂ. ಶಂಕರನಾರಾಯಣ ಅವರ ‘ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳು’ ಈ ಬದುಕನ್ನು ಶಾಸ್ತ್ರೀಯವಾಗಿ ಪರಿಚಯಿಸಿದ ಅಧ್ಯಯನ. ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳಂತೆ ಜುಂಜಪ್ಪನ ಕಾವ್ಯವೂ ಕನ್ನಡ ವಿಶ್ವವಿದ್ಯಾಲಯದ ಮೂಲಕ ಪುಸ್ತಕವಾಗಿ ಬಂದಿದೆ. ಅಚ್ಚಿನಲ್ಲಿ ಗಣೆ ಕೇಳಿಸದೆಂಬುದೊಂದು ಕೊರತೆಯಾದರೂ ಕಥೆ ಉಳಿದುಕೊಂಡಿದೆ.

ಇಂದು ಗಣೆ ಕಲಿಯುವವರು ವಿರಳರಾಗುತ್ತಿರುವುದಕ್ಕೆ ಹೊಸಕಾಲದ ಮೋಜುಗಳನ್ನು ದೂರುವುದು ವಾಡಿಕೆಯಾಗಿದ್ದರೂ ಕಾರಣ ಅದಕ್ಕಿಂತ ಆಳದಲ್ಲಿದೆ. ಮಂದೆಯ ಹಿಂದೆ ದಿನಗಟ್ಟಲೆ ಅಲೆಯುವ ಬಿಡುವಿನಲ್ಲಿ ಕಲಿಯುವ ವಿದ್ಯೆಗೆ ಮೇವಿನ ನೆಲ ಬೇಕು, ಆ ನೆಲವೇ ಕುಗ್ಗುತ್ತಿದೆ. ಗೋಮಾಳ ಮತ್ತು ಕಾವಲುಗಳು ನಾನಾ ಬಳಕೆಗಳಿಗೆ ಹಂಚಿಹೋಗಿವೆ. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ ಎದ್ದುನಿಂತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ಜಮೀನುಳ್ಳವರಿಗೆ ವರ್ಷವರ್ಷದ ಗುತ್ತಿಗೆ ಹಣ ತಂದಿತಾದರೂ, ಬೇರೆಯವರ ಬೀಳುಭೂಮಿಯಲ್ಲಿ ಕುರಿ ದನ ಮೇಯಿಸುತ್ತಿದ್ದವರ ಪಾಲಿಗೆ ಬೇಲಿಯಾಯಿತು. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು; 2020ರಲ್ಲಿ, ಶಿರಾ ಕ್ಷೇತ್ರದ ಉಪಚುನಾವಣೆ ಹತ್ತಿರವಾದಾಗಲೇ, ಅವರಿಗಾಗಿ ಅಭಿವೃದ್ಧಿ ನಿಗಮವೂ ಘೋಷಣೆಯಾಯಿತು. ಇತ್ತ ಹಟ್ಟಿಗಳ ದೇವರ ದನಗಳು, ಅಂದರೆ ಉಳುಮೆಗೆ ಹೂಡದೆ, ಮಾರದೆ ದೈವದ ಹೆಸರಿನಲ್ಲಿ ಬಿಟ್ಟ ದನಗಳು, ಬರ ಬಂದ ವರ್ಷಗಳಲ್ಲಿ ಮೇಯಲು ಹೋಗುವ ಕಡೆಯಿಲ್ಲದೆ ದಾನಿಗಳು ಲಾರಿಯಲ್ಲಿ ಕಳಿಸುವ ಮೇವನ್ನು ನೆಚ್ಚಿಕೊಳ್ಳಬೇಕಾಗುತ್ತದೆ.