ಗಾಜಿನ ತೊಟ್ಟಿಯಲ್ಲಿ ಡ್ಯಾಮ್ಸೆಲ್ ಮೀನು

ಉಪ್ಪುನೀರಿನ ಮೀನನ್ನು ಮನೆಯಲ್ಲಿ ಸಾಕಬೇಕೆಂದು ಹೊರಟವರಿಗೆ ಅಂಗಡಿಯವರು ಸಾಮಾನ್ಯವಾಗಿ ಮೊದಲು ತೋರಿಸುವುದು ಡ್ಯಾಮ್ಸೆಲ್ ಎಂಬ ಮೀನನ್ನು. ಹೆಬ್ಬೆರಳಿನಷ್ಟು ಉದ್ದ, ಬಣ್ಣವೋ, ಹೊಸ ರೇಷ್ಮೆಯ ಕಣವನ್ನು ಬಿಸಿಲಿಗೆ ಹಿಡಿದಂತೆ. “ಇದು ಸುಲಭಕ್ಕೆ ಸಾಯುವುದಿಲ್ಲ, ತೆಗೆದುಕೊಂಡು ಹೋಗಿ” ಎಂಬುದು ಅದಕ್ಕೆ ದೊರೆಯುವ ಶಿಫಾರಸು. ಮಾತು ಸುಳ್ಳಲ್ಲ. ಆದರೆ ಆ ಮಾತನ್ನು ನೆಚ್ಚಿ ಮುಂದಿನದನ್ನು ಯೋಚಿಸದೆ ಹೋದರೆ ಏನಾಗುವುದೆಂಬುದನ್ನು ನನ್ನ ಮಗಳ ಮನೆಯಲ್ಲಿಯೇ ಕಂಡೆ.

ನಾನು ಕನ್ನಡ ಪಾಠ ಹೇಳುವ ಉಪಾಧ್ಯಾಯ. ಮೀನಿನ ಶಾಸ್ತ್ರ ನನ್ನ ವೃತ್ತಿಯಲ್ಲ. ನಮ್ಮ ಅಳಿಯಂದಿರು ಒಂದು ಗಾಜಿನ ತೊಟ್ಟಿ ತಂದು, ಉಪ್ಪುನೀರು ತುಂಬಿ, ಮೂರನೆಯ ದಿನವೇ ಕಪ್ಪುಬಿಳುಪು ಪಟ್ಟೆಯ ನಾಲ್ಕು ಡ್ಯಾಮ್ಸೆಲ್‌ಗಳನ್ನು ಬಿಟ್ಟರು. ಮೊಮ್ಮಗಳು ನಾಲ್ಕಕ್ಕೂ ಹೆಸರಿಟ್ಟಳು. ಅವು ಅತ್ತಿಂದಿತ್ತ ಓಡಾಡುವುದನ್ನು ಕಂಡು ಆಟವೆಂದು ನಾವೆಲ್ಲ ಸಂತೋಷಪಟ್ಟೆವು. ಎರಡು ವಾರ ಕಳೆಯುವಷ್ಟರಲ್ಲಿ ಹೆಸರುಗಳು ನಾಲ್ಕಿದ್ದವು, ಮೀನು ಒಂದೇ ಉಳಿದಿತ್ತು. “ಅಜ್ಜ, ಇದು ಕೆಟ್ಟ ಮೀನಾ?” ಎಂದು ಮಗು ಕೇಳಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ ನಾನು ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಮೀನಿನ ಪರಿಚಯ. ಡ್ಯಾಮ್ಸೆಲ್ ಎಂದರೆ ಇಂಗ್ಲಿಷಿನಲ್ಲಿ ತರುಣಿ, ಕನ್ಯೆ. ಈ ಕುಲದಲ್ಲಿ ನಾನೂರಕ್ಕೂ ಹೆಚ್ಚು ಬಗೆಗಳಿವೆ; ಮಕ್ಕಳೆಲ್ಲ ಬಲ್ಲ ಕಿತ್ತಳೆ ಬಣ್ಣದ ಕ್ಲೌನ್ ಮೀನೂ ಇದೇ ಕುಲದ್ದು. ಇವುಗಳಲ್ಲಿ ಹೆಚ್ಚಿನವುಗಳ ಮನೆ ಬಿಸಿಗಡಲಿನ ಹವಳದ ದಿಬ್ಬ. ನಮ್ಮ ಹವಳ ಸಂಸ್ಕೃತದ ಪ್ರವಾಳದ ತದ್ಭವ. ಕೊರಳ ಸರದಲ್ಲಿ ಮಣಿಯಾಗಿ ನಾವು ಬಲ್ಲ ಪದಾರ್ಥ. ಕಡಲಿನಲ್ಲಾದರೋ ಹವಳವೆಂದರೆ ಕೋಟ್ಯಂತರ ಸಣ್ಣ ಪ್ರಾಣಿಗಳು ಸುಣ್ಣದಿಂದ ಕಟ್ಟಿದ ಊರು. ನಮಗೆ ಅದು ತೀರ ದೂರದ ಊರೂ ಅಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲಿನಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳವೂ ಇದೆ, ಡ್ಯಾಮ್ಸೆಲ್‌ಗಳೂ ಇವೆ. ಲಕ್ಷದ್ವೀಪಗಳೆಲ್ಲ ಹವಳದಿಂದಲೇ ಆದವು. ಅವುಗಳಲ್ಲಿ ಅಮೀನಿ, ಕಡಮತ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಹೆಸರು ಕನ್ಯೆಯದಾದರೂ ಸ್ವಭಾವ ಜಮೀನುದಾರನದು. ಹವಳದ ಊರಿನಲ್ಲಿ ಜಾಗಕ್ಕೆ ಬಹಳ ಬೆಲೆ. ಅಡಗಲು ಒಂದು ಬಿರುಕು, ಮೇಯಲು ಒಂದಿಷ್ಟು ಪಾಚಿ, ಮೊಟ್ಟೆಯಿಡಲು ಒಂದು ಚೊಕ್ಕಟ ಕಲ್ಲು, ಇವು ಸಿಕ್ಕಿದರೆ ಅನೇಕ ಡ್ಯಾಮ್ಸೆಲ್‌ಗಳು ಅದನ್ನು ಬಿಟ್ಟುಕೊಡುವುದಿಲ್ಲ. ಕೆಲವು ಬಗೆಗಳು ಬೇಡದ ಪಾಚಿಯನ್ನು ಕಿತ್ತು ಹಾಕಿ ಬೇಕಾದುದನ್ನು ಬೆಳೆಸಿಕೊಳ್ಳುವ ಒಕ್ಕಲಿಗರೇ ಸರಿ. ಅಮೆರಿಕದ ಬೆಲೀಜ್ ದೇಶದ ಕಡಲಿನಲ್ಲಿ ಒಂದು ಬಗೆಯ ಡ್ಯಾಮ್ಸೆಲ್ ತನ್ನ ಪಾಚಿತೋಟದಲ್ಲಿ ಸೀಗಡಿಯಂಥ ಸಣ್ಣ ಜೀವಿಗಳನ್ನು ಕಾಪಾಡಿಕೊಂಡಿರುವುದನ್ನೂ, ಅವುಗಳ ಮಲ ತೋಟಕ್ಕೆ ಗೊಬ್ಬರವಾಗುವುದನ್ನೂ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಮೊಟ್ಟೆ ಕಾಯುವವನು ಗಂಡು. ಮರಿಯೊಡೆಯುವವರೆಗೆ ಈಜುರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತ, ಹತ್ತಿರ ಬಂದವರ ಮೇಲೆ, ಅವರು ಎಷ್ಟು ದೊಡ್ಡವರಾದರೂ ಸರಿ, ನುಗ್ಗುತ್ತಾನೆ. ರೇಡಿಯೋ ಕೇಳುವವರಿಗೆ ಇನ್ನೊಂದು ಸ್ವಾರಸ್ಯ: ಇವು ಮೂಕವಲ್ಲ. ನೀರಿನೊಳಗೆ ಮೈಕ್ರೊಫೋನ್ ಇಳಿಸಿದರೆ ಇವುಗಳ ಟಕಟಕ, ಚಿಟಿಚಿಟಿ ಸದ್ದು ಕೇಳುತ್ತದೆ. ಕ್ಲೌನ್ ಮೀನು ದವಡೆಯನ್ನು ತಟ್ಟನೆ ಮುಚ್ಚಿ ಹಲ್ಲಿಗೆ ಹಲ್ಲು ಬಡಿಸಿ ಸದ್ದು ಮಾಡುತ್ತದೆಂದು 2007ರಲ್ಲಿ ಗೊತ್ತಾಯಿತು. ಆ ಸದ್ದಿನ ಅರ್ಥ ಬಹುಮಟ್ಟಿಗೆ ಒಂದೇ: “ಇದು ನನ್ನ ಜಾಗ.”

ಇಷ್ಟು ತಿಳಿದರೆ ನಮ್ಮ ಮನೆಯ ತೊಟ್ಟಿಯಲ್ಲಿ ನಡೆದದ್ದು ಅರ್ಥವಾಗುತ್ತದೆ. ಕಪ್ಪುಬಿಳುಪು ಪಟ್ಟೆಯ ಡ್ಯಾಮ್ಸೆಲ್ ಕಡಲಿನಲ್ಲಿ ಕೊಂಬೆಕೊಂಬೆಯ ಹವಳವನ್ನು ಆಶ್ರಯಿಸಿ ಗುಂಪಾಗಿಯೇ ಬಾಳುತ್ತದೆ. ಅಲ್ಲಿಯೂ ದೊಡ್ಡದು ಸಣ್ಣದನ್ನು ಗದರಿಸುತ್ತದೆ; ಆದರೆ ಸಣ್ಣದಕ್ಕೆ ನುಸುಳಿಕೊಳ್ಳಲು ನೂರು ಸಂದುಗಳಿವೆ. ನಮ್ಮ ತೊಟ್ಟಿಯಲ್ಲಿದ್ದದ್ದು ಒಂದೇ ಕಲ್ಲು. ಒಂದು ಮೀನು ಅದರ ಒಡೆತನ ಹಿಡಿಯಿತು. ಉಳಿದ ಮೂರಕ್ಕೆ ಓಡಲು ಗಾಜಿನ ಗೋಡೆಯಾಚೆ ಊರಿರಲಿಲ್ಲ. ನಾವು ಆಟವೆಂದುಕೊಂಡದ್ದು ಬೇಟೆ.

ಎರಡನೆಯ ತಪ್ಪು ನೀರಿನದು. ಮೀನಿನ ಉಸಿರಾಟ ಮಲಮೂತ್ರಗಳಿಂದ, ಕೊಳೆತ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಸ್ವಲ್ಪವಾದರೂ ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇವು ಕಲ್ಲು ಮರಳುಗಳಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮೊಸರಾಗುವುದಿಲ್ಲವಷ್ಟೆ? ಹಿಂದೆ ಈ ವಿಷದ ವಾರಗಳನ್ನು ಕಳೆಯಲೆಂದೇ ಡ್ಯಾಮ್ಸೆಲ್‌ಗಳನ್ನು ಬಿಡುವ ಪದ್ಧತಿಯಿತ್ತು. ತಾಳಿಕೊಳ್ಳುತ್ತವೆ ಎಂಬುದೇ ಅವುಗಳ ಅಪರಾಧ. ಈಗ ಅದರ ಅಗತ್ಯವಿಲ್ಲ. ಮೀನಿಲ್ಲದ ತೊಟ್ಟಿಗೆ ಅಳತೆಯಾಗಿ ಅಮೋನಿಯ ಹಾಕಿ, ಹಳೆಯ ಆರೋಗ್ಯವಂತ ತೊಟ್ಟಿಯ ಸೋಸುಪದಾರ್ಥವನ್ನು ಒಂದಿಷ್ಟು ಹೆಪ್ಪಿನಂತೆ ಬೆರೆಸಿ ಕಾಯಬೇಕು. ಪರೀಕ್ಷಿಸಿದಾಗ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆಯೇ ಮೀನು ತರಬೇಕು.

ಇನ್ನು ಸಾಕುವ ಕ್ರಮ. ತೊಟ್ಟಿ ನೂರು ಲೀಟರಿಗೆ ಕಡಮೆಯಿರಬಾರದು. ಅಡಿಗೆಯ ಉಪ್ಪು ಕರಗಿಸಿದರೆ ಸಮುದ್ರವಾಗುವುದಿಲ್ಲ. ಕಡಲಿನ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವೂ ಇವೆ. ಇದಕ್ಕೆಂದೇ ಮಾರುವ ಉಪ್ಪನ್ನು ಕ್ಲೋರಿನ್ ಇಲ್ಲದ ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಬರುವಂತೆ ಬೆರೆಸಬೇಕು. ಸಾಂದ್ರತೆ ಅಳೆಯುವ ಕೊಳವೆಯಲ್ಲಿ 1.025ರ ಸುಮಾರು ತೋರಿದರೆ ಸರಿ. ದಿನದಿನವೂ ನೀರು ಆವಿಯಾಗುತ್ತದೆ, ಉಪ್ಪು ಹೋಗುವುದಿಲ್ಲ. ಕುದಿದು ಇಂಗಿದ ಸಾರಿಗೆ ಗೃಹಿಣಿಯರು ಉಪ್ಪು ಹಾಕುವುದಿಲ್ಲ, ನೀರು ಹಾಕುತ್ತಾರೆ; ಇಲ್ಲಿಯೂ ಹಾಗೆಯೇ, ತಗ್ಗಿದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು. ನೀರಿನ ಬಿಸಿ 24ರಿಂದ 27 ಡಿಗ್ರಿ ಸೆಲ್ಷಿಯಸ್ ಇರಲಿ. ಬೇಸಗೆಯಲ್ಲಿ ಕಿಟಕಿಯ ಬಿಸಿಲಿಗೆ ತೊಟ್ಟಿಯಿಡಬೇಡಿ. ನೀರಿನ ಮೇಲೆ ಫ್ಯಾನಿನ ಗಾಳಿ ಹಾಯಿಸಿದರೆ ಬಿಸಿ ಇಳಿಯುತ್ತದೆ. ಆಹಾರ ದಿನಕ್ಕೆರಡು ಬಾರಿ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಸಣ್ಣ ಸೀಗಡಿಯ ಜೊತೆಗೆ ಪಾಚಿ ಬೆರೆತ ತಿನಿಸೂ ಬೇಕು.

ಮೀನಿನ ಆಯ್ಕೆಯಲ್ಲಿ ಅವಸರ ಬೇಡ. ಹಳದಿ ಬಾಲದ ನೀಲಿ ಡ್ಯಾಮ್ಸೆಲ್ ಏಳು ಸೆಂಟಿಮೀಟರ್ ಮೀರುವುದಿಲ್ಲ, ಅದರ ಕೋಪವೂ ಕಡಮೆ. ಹೊಸಬರಿಗೆ ಒಂದೇ ಒಂದು ಸಾಕು. ಕಪ್ಪು ಮೈಮೇಲೆ ಮೂರು ಬಿಳಿಯ ಬೊಟ್ಟಿರುವ ಡಾಮಿನೊ ಮರಿಯಾಗಿದ್ದಾಗ ಬಲು ಮುದ್ದು; ಬೆಳೆದರೆ 14 ಸೆಂಟಿಮೀಟರಾಗಿ ತೊಟ್ಟಿಯನ್ನೆಲ್ಲ ಆಳುತ್ತದೆ. ಹಸಿರು ಕ್ರೋಮಿಸ್ ಕಡಲಿನಲ್ಲಿ ಹಿಂಡುಮೀನಾದರೂ ಇಕ್ಕಟ್ಟಿನಲ್ಲಿ ಒಂದೊಂದಾಗಿ ಕ್ಷೀಣಿಸುವುದುಂಟು. ಬೇರೆ ಮೀನುಗಳೂ ಬೇಕೆಂದಿದ್ದರೆ ಸಾಧುಗಳು ಮೊದಲು, ಡ್ಯಾಮ್ಸೆಲ್ ಕೊನೆಗೆ. ಮೊದಲು ಬಂದವನೇ ಒಡೆಯನಲ್ಲವೆ? ಜಗಳ ಹೆಚ್ಚಾದರೆ ಕಲ್ಲುಗಳನ್ನು ಬೇರೆ ರೀತಿ ಜೋಡಿಸಿ. ಬದು ಅಳಿಸಿಹೋದರೆ ಬದುವಿನ ವ್ಯಾಜ್ಯವೂ ಸ್ವಲ್ಪ ಅಡಗುತ್ತದೆ. ಈಜುರೆಕ್ಕೆ ಹರಿದ, ಮೂಲೆ ಹಿಡಿದು ಉಣ್ಣದೆ ನಿಂತ ಮೀನು ಕಂಡರೆ ಅಂದೇ ಬೇರೆ ಮಾಡಬೇಕು. ನಾಳೆಗೆ ಅದು ಇರಲಾರದು.

ಹವಳದ ದಿಬ್ಬವನ್ನೇ ಮನೆಯಲ್ಲಿ ಕಟ್ಟುವ ಆಸೆ ಕೆಲವರಿಗುಂಟು. ಇಲ್ಲಿ ಕಾನೂನಿನ ಮಾತು ಹೇಳಲೇಬೇಕು. ದಿಬ್ಬ ಕಟ್ಟುವ ಹವಳ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆ ಇವುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿ ಆನೆಗಳಿರುವ ಪಟ್ಟಿಗೆ, ಸೇರಿಸಲಾಗಿದೆ. ನಮ್ಮ ಕಡಲಿನಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ. ಸುಟ್ಟ ಜೇಡಿಯ ಕಲ್ಲುಗಳನ್ನು ಸಂದುಗೊಂದುಗಳಿರುವಂತೆ ಜೋಡಿಸಿದರೆ ಡ್ಯಾಮ್ಸೆಲ್‌ಗೆ ಕೊರತೆಯಿಲ್ಲ; ಅದಕ್ಕೆ ಬೇಕಾದದ್ದು ಹವಳದ ಬಣ್ಣವಲ್ಲ, ಅಡಗುವ ಸಂದು.

ಮೀನನ್ನು ಎಲ್ಲಿಂದ ತಂದದ್ದೆಂದೂ ಕೇಳಿ. 1960ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಸಯನೈಡ್ ವಿಷ ಚಿಮುಕಿಸಿ ಮೀನು ಹಿಡಿಯುವ ಕೆಟ್ಟ ಪದ್ಧತಿ ತಲೆಯೆತ್ತಿತು. ಅದರಿಂದ ಮೀನಿನ ಜೊತೆಗೆ ಹವಳವೂ ಸಾಯುತ್ತದೆ. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನೂ ಹಲವು ಡ್ಯಾಮ್ಸೆಲ್‌ಗಳನ್ನೂ ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಹಾಗೆ ಹುಟ್ಟಿದ ಮೀನು ಸಿಕ್ಕುವುದಾದರೆ ಅದನ್ನೇ ಕೊಳ್ಳಿರಿ.

ಮಗುವಿಗೆ ನಾನು ಕೊಟ್ಟ ಉತ್ತರ ಇಷ್ಟು: “ಮೀನು ಕೆಟ್ಟದ್ದಲ್ಲ, ಕಂದ. ಅದಕ್ಕೆ ಒಂದು ಮನೆ ಬೇಕಾಗಿತ್ತು. ನಾಲ್ವರಿಗೆ ಒಂದೇ ಮನೆ ಕೊಟ್ಟವರು ನಾವು.” ಉಳಿದ ಆ ಒಂದು ಮೀನು ಈಗಲೂ ಇದೆ. ತೊಟ್ಟಿಯಲ್ಲಿ ಕಲ್ಲುಗಳು ಹೆಚ್ಚಾಗಿವೆ, ಮೀನು ಹೆಚ್ಚಾಗಿಲ್ಲ. ನಾನು ಗಾಜಿಗೆ ಬೆರಳಿಟ್ಟರೆ ನನ್ನ ಮೇಲೂ ನುಗ್ಗಿ ಬರುತ್ತದೆ. ತಾಳಿಕೊಳ್ಳುವ ಜೀವವೆಂದು ಯಾರ ತಾಳ್ಮೆಯನ್ನೂ ಪರೀಕ್ಷಿಸಬಾರದೆಂದು ಆಗೆಲ್ಲ ನನಗೆ ನೆನಪಾಗುತ್ತದೆ.