ಅಜ್ಜಿ ಫ್ಯಾನ್ ಆಫ್ ಮಾಡಿದ್ದು ಯಾಕೆ?

2024ರ ಏಪ್ರಿಲ್. ‘ನಮ್ಮ ಮೈಸೂರಿಗೆ ಎಸಿ ಯಾಕ್ರೀ’ ಅನ್ನೋ ಮಾತು ನಮ್ಮನೆಯಲ್ಲಿ ನಿಂತುಹೋದ ಬೇಸಿಗೆ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಕಾಲ್ ಮುಗಿಸಿ ನೀರು ಕುಡಿಯೋಕೆ ಹೋದೆ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಂಚದ ಮೇಲೆ ಕೂತು ಹಳೇ ಪಂಚಾಂಗದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ತಲೆ ಮೇಲಿನ ಫ್ಯಾನ್ ನಿಂತಿತ್ತು. ಕರೆಂಟೇನೂ ಹೋಗಿರಲಿಲ್ಲ.

“ಯಾಕಜ್ಜಿ, ಫ್ಯಾನ್ ಕೆಟ್ಟೋಯ್ತಾ?”

“ಇಲ್ಲ ಪುಟ್ಟಿ, ನಾನೇ ಆರಿಸ್ದೆ. ಇನ್ನೂರು ದಾಟ್ಬಾರ್ದಂತಲ್ಲ?”

ನಾನು ಎದ್ದು ಬಂದಿದ್ದು ಎಸಿ ರೂಮಿನಿಂದ.

ಈ ಇನ್ನೂರರ ಕಥೆ ನಿಮಗೂ ಗೊತ್ತಿರುತ್ತೆ. 2023ರ ಆಗಸ್ಟ್ ಬಿಲ್ಲಿನಿಂದ ಗೃಹಜ್ಯೋತಿ ಬಂತಲ್ಲ, 2022–23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ. ನಮ್ಮ ಸರಾಸರಿ 104, ಹಾಗಾಗಿ 114ರವರೆಗೆ ಸೊನ್ನೆ ಬಿಲ್. ಅದನ್ನು ದಾಟಿದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಮಾತ್ರ ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್.

ಮೊದಲ ಚಳಿಗಾಲದಲ್ಲಿ ತಮಾಷೆ ನಡೆದದ್ದು ಅಪ್ಪನ ವಿಷಯದಲ್ಲಿ. ಇಡೀ ಜೀವಮಾನ ನಮ್ಮ ಹಿಂದೆಯೇ ಬಂದು ಸ್ವಿಚ್ ಆರಿಸಿದ ಮನುಷ್ಯ ಮೀಟರ್ ನೋಡಿಕೊಂಡು ಬಂದು, “ಇನ್ನೂ ಮೂವತ್ತು ಬಾಕಿ ಇದೆ” ಅಂತ ಗೀಸರ್ ಜಾಸ್ತಿ ಹೊತ್ತು ಹಾಕತೊಡಗಿದರು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇದೆ ಅಂತ ಮಲಗೋ ಮುಂಚೆ ರೀಲ್ಸ್ ನೋಡಿ ಖಾಲಿ ಮಾಡ್ತೀವಲ್ಲ, ಹಾಗೆ.

ಅಪ್ಪನೊಬ್ಬರೇ ಹೀಗೆ ಅಂದುಕೊಂಡಿದ್ದೆ. ಆಮೇಲೆ 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದ ಬಗ್ಗೆ ಓದಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಲ್ಲಿ ಸುಮಾರು 290 ಮನೆಗಳ ಬಾಗಿಲಿಗೆ ಚೀಟಿ ತೂಗುಹಾಕಿದರು: ನೀವು ಉರಿಸಿದ್ದು ಇಷ್ಟು, ಅಕ್ಕಪಕ್ಕದವರ ಸರಾಸರಿ ಇಷ್ಟು. ಹೆಚ್ಚು ಉರಿಸುತ್ತಿದ್ದವರು ಕಡಿಮೆ ಮಾಡಿದರು. ಕಡಿಮೆ ಉರಿಸುತ್ತಿದ್ದವರೋ, ‘ಓಹ್, ಇನ್ನೂ ಜಾಗ ಇದೆ’ ಅನ್ನೋ ಹಾಗೆ ಜಾಸ್ತಿ ಮಾಡಿಬಿಟ್ಟರು! ಅಂಥವರ ಚೀಟಿ ಮೇಲೆ ಒಂದು ನಗುಮುಖ ಬರೆದಾಗ ಹಾಗಾಗಲಿಲ್ಲ. ನಮ್ಮಪ್ಪನಿಗೆ ಯಾರೂ ನಗುಮುಖ ಬರೆದುಕೊಡಲಿಲ್ಲ ನೋಡಿ.

ಮಾರ್ಚ್‌ನಲ್ಲಿ ನನ್ನ ರೂಮಿಗೆ ಎಸಿ ಬಂತು. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ನಾಲ್ಕು ಗಂಟೆ ಓಡಿದರೆ ಸುಮಾರು ನಾಲ್ಕು ಯೂನಿಟ್. ತಿಂಗಳಿಗೆ 22 ದಿನ ಅಂದರೆ 88. ಹಳೇ 104ಕ್ಕೆ ಸೇರಿಸಿದರೆ 192. ಇನ್ನೂರಕ್ಕೆ ಎಂಟೇ ಬಾಕಿ. ಅಮ್ಮನ ಎದೆ ಢವಢವ. ಊಟದ ಹೊತ್ತಲ್ಲಿ ಅದೇ ಮಾತು: “ಇನ್ನೂರು ದಾಟಿದ್ರೆ ಲೈಟ್ ಬಿಲ್ಲು ಒಂದೂವರೆ ಸಾವಿರ ಕಣ್ರೋ. ಲೈಟ್ ಆರಿಸಿ, ಲೈಟ್ ಆರಿಸಿ.”

ಈ ‘ಲೈಟ್ ಬಿಲ್’ ಅನ್ನೋ ಪದದಲ್ಲೇ ಎಡವಟ್ಟಿದೆ ಅನ್ಸುತ್ತೆ ನನಗೆ. ಮೈಸೂರಿಗೆ ಕರೆಂಟ್ ಬಂದಿದ್ದು 1908ರಲ್ಲಿ, ದೀಪವಾಗಿ. ಇವತ್ತಿಗೂ ಭಾನುವಾರ ಸಂಜೆ ಅರಮನೆ ಮುಂದೆ ನಿಂತು ಸುಮಾರು ಲಕ್ಷ ಬಲ್ಬು ಹೊತ್ತಿಕೊಳ್ಳೋದನ್ನ ಬಾಯಿಬಿಟ್ಟು ನೋಡೋರು ನಾವು. ಕರೆಂಟ್ ಅಂದರೆ ಕಣ್ಣಿಗೆ ಕಾಣೋ ಬೆಳಕು. ಆದರೆ 9 ವಾಟ್‌ನ ಎಲ್‌ಇಡಿ ಸಂಜೆ ಐದು ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗಲ್ಲ. ಎರಡು ಕಿಲೋವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಸಾಕು, ಮೂವತ್ತು ಯೂನಿಟ್. ಅದು ಸದ್ದಿಲ್ಲದೆ ಅಟ್ಟದ ಮೇಲೆ ಕೂತಿರುತ್ತೆ, ಯಾರ ಕಣ್ಣಿಗೂ ಬೀಳಲ್ಲ.

ಇನ್ನೊಂದು ವಿಷಯ ನನಗೆ ಅವತ್ತು ರಾತ್ರಿಯೇ ಹೊಳೆದದ್ದು. ಅಮ್ಮ ಅಪ್ಪನಿಗೆ ‘ಬೇಗ ಸ್ನಾನ ಮುಗಿಸಿ’ ಅಂದಿರಲಿಲ್ಲ. ನನಗೆ ‘ಎಸಿ ಆರಿಸು’ ಅಂದಿರಲಿಲ್ಲ, ಆಫೀಸ್ ಕೆಲಸ, ಸಂಬಳ ತರೋ ಮಗಳು. ಅಜ್ಜಿಗೂ ಯಾರೂ ಏನೂ ಹೇಳಿರಲಿಲ್ಲ. ಊಟದ ಮಾತು ಕೇಳಿಸಿಕೊಂಡು ಅವರೇ ಶುರು ಮಾಡಿದ್ದರು. ವಾರದಿಂದ ಹೀಗೇ ನಡೀತಿತ್ತಂತೆ. ಎಂಬತ್ತೊಂದರ ಜೀವ, ಬಿ.ಪಿ. ಮಾತ್ರೆ ಬೇರೆ.

ಅವರ ಹಳೇ ಫ್ಯಾನ್ 75 ವಾಟ್. ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 18 ಯೂನಿಟ್. ಅಜ್ಜಿಯ ಒಂದು ತಿಂಗಳ ನಿದ್ದೆ ನನ್ನ ನಾಲ್ಕೂವರೆ ದಿನದ ಎಸಿಗೆ ಸಮ. ಸ್ಮಾರ್ಟ್ ಪ್ಲಗ್ ಹಾಕಿ, ಗ್ರಾಫ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಕಳಿಸೋಳು ನಾನೇ. ಈ ಲೆಕ್ಕ ಯಾವ ಗ್ರಾಫಲ್ಲೂ ಇರಲಿಲ್ಲ.

ಅಜ್ಜಿಗೆ ಲೆಕ್ಕ ಬಿಡಿಸಿ ಹೇಳಿದೆ. ನಂಬಲಿಲ್ಲ. “ಫ್ಯಾನ್ ತಿರುಗೋದು ಕಾಣುತ್ತಲ್ಲ ಕಣೆ, ನಿನ್ನ ಎಸಿ ಏನ್ ಮಾಡುತ್ತೆ, ಸುಮ್ನೆ ಗೋಡೆ ಮೇಲಿರುತ್ತೆ” ಅಂದರು. ಲೆಕ್ಕ ಬಿಟ್ಟು ಅವರ ಹಾಸಿಗೆಯನ್ನೇ ನನ್ನ ರೂಮಿಗೆ ತಂದೆ.

2020ರ ಜನವರಿಯಿಂದ ಸ್ಟಾರ್ ಲೇಬಲ್ ಎಸಿಗಳೆಲ್ಲ ತಾವಾಗಿಯೇ 24 ಡಿಗ್ರಿಗೆ ಶುರುವಾಗಬೇಕು ಅಂತ ಸರ್ಕಾರದ ನಿಯಮ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ ಅನ್ನೋದು ಬಿಇಇ ಅಂದಾಜು. ನಾನು ಮೊದಲ ದಿನವೇ ಅದನ್ನ 20ಕ್ಕೆ ಇಳಿಸಿದ್ದೆ. ಅಜ್ಜಿ ಬಂದ ರಾತ್ರಿ “ಮೂಳೆ ಕೊರಿಯುತ್ತೆ” ಅಂತ ಮುಸುಕು ಹಾಕಿಕೊಂಡರು. 24 ಆಯ್ತು, 26 ಆಯ್ತು, ಕೊನೆಗೆ 27ಕ್ಕೆ ನಿಂತು ಫ್ಯಾನ್ ನಿಧಾನಕ್ಕೆ ಹಾಕಿದೆವು. ಇಬ್ಬರಿಗೂ ನಿದ್ದೆ ಬಂತು. ಹಗಲೂ ಅದೇ 27 ಉಳಿದುಕೊಂಡಿತು, ಮಧ್ಯಾಹ್ನ ಅವರು ಅಲ್ಲೇ ಒರಗುತ್ತಿದ್ದರಲ್ಲ.

ಮುಂದಿನ ತಿಂಗಳು ಮೀಟರ್ ರೀಡರ್ ಬಂದು ಮಷಿನ್ನಿಂದ ಚೀಟಿ ಹರಿದುಕೊಟ್ಟರು. 181 ಯೂನಿಟ್. ಅಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದರು.

“ನೋಡ್ದ್ಯಾ? ಎಲ್ಲಾ ಕಡೆ ಲೈಟ್ ಆರಿಸಿದ್ದಕ್ಕೆ!”