ಲೆನ್ಸ್ ಇಲ್ಲದ ಕಣ್ಣಿಗೆ ರಬ್ಬರ್ ಬಟ್ಟಲು!

ದಾವಣಗೆರೆ: ರಾತ್ರಿ ಹತ್ತೂವರೆ. ಒಂದು ಕಣ್ಣಿನ ಲೆನ್ಸ್ ಬಂತು. ಇನ್ನೊಂದು ಕಣ್ಣಿನದು ಬರಲಿಲ್ಲ.

ಹುಡುಗ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ವಯಸ್ಸು ಇಪ್ಪತ್ತೆರಡು. "ಬರೀರಿ ಅಣ್ಣಾ, ನಾಕು ಜನಕ್ಕೆ ಗೊತ್ತಾಗ್ಲಿ. ಹೆಸರು ಮಾತ್ರ ಹಾಕಬೇಡ್ರಿ" ಅಂದಿದ್ದಾನೆ. ಹಾಗಾಗಿ ಹೆಸರಿಲ್ಲ.

ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಶುರು ಮಾಡಿ ಆಗ ನಾಲ್ಕೇ ದಿನ. ಲೆನ್ಸ್ ಜತೆ ಒಂದು ಪುಟ್ಟ ರಬ್ಬರ್ ಬಟ್ಟಲು ಕೊಟ್ಟಿದ್ದರು. ಕಣ್ಣಿಗೆ ಹಚ್ಚಿ ಎಳೆದರೆ ಲೆನ್ಸ್ ಅದಕ್ಕೆ ಅಂಟಿಕೊಂಡು ಬರುತ್ತದೆ. ಬಲಗಣ್ಣಿನದು ಹಾಗೇ ಬಂತು. ಎಡಗಣ್ಣಿಗೆ ಹಚ್ಚಿದ, ಎಳೆದ. ಬರಲಿಲ್ಲ. ಮತ್ತೆ ಎಳೆದ. ಮೂರನೇ ಸಲ ಎಳೆದಾಗ ಕೂಗಿಕೊಂಡ ನೋಡಿ, ತಾಯಿ ಎದ್ದು ಬಂದರು. ಕಣ್ಣು ಕೆಂಡ, ನೀರು ಧಾರಾಕಾರ. "ಏನ್ ಮಾಡ್ಕೊಂಡ್ಯೋ ಮಗನೇ!"

ಮಾಡಿಕೊಂಡದ್ದು ಇಷ್ಟೇ. ಎಡಗಣ್ಣಿನಲ್ಲಿ ಲೆನ್ಸೇ ಇರಲಿಲ್ಲ! ಮುಖ ತೊಳೆಯುವ ಮೊದಲು ಕಣ್ಣು ಉಜ್ಜಿದಾಗಲೇ ಅದು ಉದುರಿ ಅಂಗಿಯ ಕಾಲರ್ ಮಡಿಕೆಯಲ್ಲಿ ಕೂತಿತ್ತು. ಬೆಳಿಗ್ಗೆ ತಾಯಿಯ ಕೈಗೆ ಸಿಕ್ಕಿತು. ಹುಡುಗ ಮೂರು ಸಲ ಎಳೆದದ್ದು ತನ್ನ ಕಣ್ಣನ್ನೇ!

ಯಾರಿಗೆ ಬೇಕು ಈ ಗಟ್ಟಿ ಲೆನ್ಸ್?

ಇದು ಸಿನಿಮಾದವರು ಬಣ್ಣಕ್ಕೆ ಹಾಕುವ ಮೆತ್ತನೆಯ ಲೆನ್ಸ್ ಅಲ್ಲ. ನಮ್ಮ ಹುಡುಗನಿಗೆ ಶೋಕಿಯೂ ಇಲ್ಲ. ಎರಡು ವರ್ಷದ ಹಿಂದೆ ಸೀರೆಯ ಬೆಲೆ ಚೀಟಿಯ ಮೇಲೆ 1,350 ಅಂತಿದ್ದರೆ ಅಂಕಿಗೆ ನೆರಳು ಬಂದು ಎರಡೆರಡಾಗಿ ಕಾಣಲು ಶುರುವಾಯಿತು. ಬಿಲ್ ತಪ್ಪಿತು, ಮಾಲೀಕರಿಂದ ಬೈಸಿಕೊಂಡ. ಮೂರು ಸಲ ಕನ್ನಡಕ ಬದಲಿಸಿದ. ಪ್ರಯೋಜನ ಸೊನ್ನೆ. ಕಡೆಗೆ ತಿಳಿದದ್ದು, ಕೆರಟೋಕೋನಸ್ ಎಂಬ ಕಾಯಿಲೆ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಹಾಗೆ ಒಂದು ಪಾರದರ್ಶಕ ಪರದೆ ಇದೆ. ಅದೇ ಕಾರ್ನಿಯ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೆರಟೋಕೋನಸ್ ಆದವರಿಗೆ ಅದು ಇನ್ನೂ ತೆಳ್ಳಗಾಗಿ, ಉಬ್ಬಿ, ಶಂಕುವಿನಂತೆ ಮೊನಚಾಗುತ್ತದೆ. ಹೆಚ್ಚಾಗಿ ಹರೆಯದಲ್ಲಿ ಶುರುವಾಗುವ ಕಾಯಿಲೆ. ಕಣ್ಣು ಉಜ್ಜುವ ಚಾಳಿ ಇದ್ದರೆ ಜಾಸ್ತಿಯಾಗುತ್ತದೆ. ಮುಂದಿನ ಗಾಜೇ ಸೊಟ್ಟಗಾದ ಮೇಲೆ ಕನ್ನಡಕ ಏನು ಮಾಡೀತು? ಗಟ್ಟಿ ಲೆನ್ಸ್ ಆದರೆ ತನ್ನ ಆಕಾರ ಬಿಡುವುದಿಲ್ಲ. ಸೊಟ್ಟ ಕಾರ್ನಿಯಕ್ಕೂ ಲೆನ್ಸಿಗೂ ನಡುವಿನ ಸಂದಿಯನ್ನು ಕಣ್ಣೀರು ತುಂಬುತ್ತದೆ. ನೋಟ ನೇರವಾಗುತ್ತದೆ. ಕಾರ್ನಿಯ ಕಸಿ ಆದ ಎಷ್ಟೋ ಜನರಿಗೂ ಇದೇ ಗತಿ.

ಕಣ್ಣಿಗೆ ಲೆನ್ಸ್ ಹಾಕುವುದು ಹೊಸ ಸಂಗತಿಯೇನಲ್ಲ. 1888ರಲ್ಲೇ ಫಿಕ್ ಎಂಬ ಜರ್ಮನ್ ವೈದ್ಯ ಗಾಜಿನ ಲೆನ್ಸ್ ಬಗ್ಗೆ ಬರೆದ. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಕಾರ್ನಿಯದ ಮೇಲಷ್ಟೇ ಕೂರುವ ಚಿಕ್ಕ ಪ್ಲಾಸ್ಟಿಕ್ ಲೆನ್ಸ್ ಮಾಡಿದ. 1970ರ ದಶಕದ ಕೊನೆಗೆ ಆಮ್ಲಜನಕ ಒಳಗೆ ಹಾಯುವ ಗಟ್ಟಿ ಲೆನ್ಸ್ ಬಂತು. ಈಗ ಎರಡು ಬಗೆ ಇವೆ. ಕಾರ್ನಿಯದ ಮೇಲೆ ಕೂರುವ ಚಿಕ್ಕದು, ಅಡ್ಡಳತೆ ಸುಮಾರು 9ರಿಂದ 10 ಮಿ.ಮೀ. ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡದು, ಹೆಸರು ಸ್ಕ್ಲೀರಲ್ ಲೆನ್ಸ್. ಬೆಲೆ ಸಾವಿರಗಟ್ಟಲೆ. ತೆಗೆಯುವ ಬಟ್ಟಲಿಗೆ ಮಾತ್ರ ಕೆಲವು ನೂರು ರೂಪಾಯಿ.

ಬಸ್ಸಿನ ಗಾಜಿನ ಗಣಪ

ಬಟ್ಟಲಿನ ಮರ್ಮ ದೊಡ್ಡದಲ್ಲ. ಬಸ್ಸಿನ ಮುಂದಿನ ಗಾಜಿಗೆ ಡ್ರೈವರಣ್ಣ ರಬ್ಬರ್ ಬಟ್ಟಲು ಒತ್ತಿ ಗಣಪನನ್ನು ತೂಗುಹಾಕಿರುತ್ತಾನಲ್ಲ, ಅದೇ. ಒದ್ದೆ ಮಾಡಿ ಒತ್ತಿದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒತ್ತಿ ಹಿಡಿಯುತ್ತದೆ. ಲೆನ್ಸ್ ತೆಗೆಯುವುದು ಇದರ ಮರಿ. ಪ್ಲಂಜರ್ ಅನ್ನುತ್ತಾರೆ. ಕೆಲವು ಕಡೆ ಡಿಎಂವಿ ಅಂತಲೂ ಕೇಳುತ್ತಾರೆ, ಅದು ಕಂಪನಿಯ ಹೆಸರು.

ಕಷ್ಟ ಇರುವುದು ಇಲ್ಲೇ. ಒದ್ದೆ ಗಾಜಿಗೆ ಅಂಟುವ ಬಟ್ಟಲು ಒದ್ದೆ ಕಾರ್ನಿಯಕ್ಕೂ ಅಷ್ಟೇ ಚೆನ್ನಾಗಿ ಅಂಟುತ್ತದೆ. ಲೆನ್ಸ್ ಯಾವುದು, ಕಣ್ಣು ಯಾವುದು, ರಬ್ಬರಿಗೆ ಗೊತ್ತಿಲ್ಲ!

ಆ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಹುಡುಗನ ಕಣ್ಣಿಗೆ ಬಣ್ಣದ ಕಾಗದದ ಪಟ್ಟಿ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. ಕಾರ್ನಿಯದ ಮೇಲ್ಪದರ ಕಿತ್ತ ಜಾಗ ಹಸಿರಾಗಿ ಹೊಳೆಯಿತು. ಇಂಥ ಗಾಯ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಾಯುತ್ತದೆ. ಆದರೆ ಅಷ್ಟರೊಳಗೆ ಕ್ರಿಮಿ ಹೊಕ್ಕರೆ ಹುಣ್ಣಾಗಿ, ಕಲೆ ಉಳಿದು, ನೋಟಕ್ಕೇ ಕುತ್ತು. ಹುಡುಗನ ಅದೃಷ್ಟ ದೊಡ್ಡದು. ಡ್ರಾಪ್ಸ್ ಹಾಕಿ, ವಾರ ಲೆನ್ಸ್ ಮುಟ್ಟಬೇಡ ಅಂದರು. ವಾರದ ಸಂಬಳ ಹೋಯಿತು, ಕಣ್ಣು ಉಳಿಯಿತು.

ಡಾಕ್ಟರಮ್ಮ ಹೇಳಿಕೊಟ್ಟ ಪಾಠ

ಮೊದಲು ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಿ. ಮಿರ್ಚಿ ಮಂಡಕ್ಕಿ ತಿಂದು ಬಂದವರು ಎರಡು ಸಲ ತೊಳೆಯಿರಿ, ನಮ್ಮೂರಿಗೆ ಈ ಮಾತು ಬೇಕೇ ಬೇಕು. ಬೇಸಿನ್ ತೂತಿಗೆ ಮುಚ್ಚಳ ಹಾಕಿ, ಇಲ್ಲವೇ ಟವೆಲ್ ಹಾಸಿ.

ಆಮೇಲೆ ಲೆನ್ಸ್ ಇದೆಯಾ ನೋಡಿ. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ. ತಾರೀಖು ಸ್ಪಷ್ಟ ಇದ್ದರೆ ಲೆನ್ಸ್ ಜಾಗದಲ್ಲಿದೆ. ಮಸುಕಾಗಿದ್ದರೆ ಬಟ್ಟಲು ಕೆಳಗಿಡಿ. ಲೆನ್ಸ್ ಉದುರಿರಬೇಕು, ಇಲ್ಲವೇ ಬಿಳಿ ಭಾಗಕ್ಕೆ ಜಾರಿರಬೇಕು. ಕನ್ನಡಿ ಮುಂದೆ ಪಕ್ಕದಿಂದ ಟಾರ್ಚ್ ಬಿಟ್ಟು, ಮೇಲೆ ಕೆಳಗೆ ಅತ್ತ ಇತ್ತ ನೋಡಿದರೆ ಅಂಚು ಕಾಣುತ್ತದೆ. ಕಣ್ಣಿನ ಹಿಂದಕ್ಕೆ ಹೋಗಿ ಮಿದುಳಿಗೆ ಸೇರುತ್ತದೆ ಅನ್ನುವುದು ಸುಳ್ಳು. ರೆಪ್ಪೆಯ ಒಳಪದರ ಮಡಚಿಕೊಂಡು ಗುಡ್ಡೆಗೆ ಕೂಡಿದೆ, ಹಿಂದಕ್ಕೆ ದಾರಿಯೇ ಇಲ್ಲ.

ಲೆನ್ಸ್ ಇದೆ ಅಂತ ಖಾತ್ರಿಯಾದ ಮೇಲೆ ಬಟ್ಟಲಿನ ತುದಿಗೆ ಲೆನ್ಸಿನ ದ್ರಾವಣ ಹಚ್ಚಿ ಒದ್ದೆ ಮಾಡಿ. ಎಂಜಲು ಖಂಡಿತ ಬೇಡ. ನಲ್ಲಿ ನೀರು, ಬೋರ್ ನೀರು, ಕ್ಯಾನಿನ ನೀರೂ ಬೇಡ. ಅಕಾಂತಮೀಬ ಎಂಬ ಕ್ರಿಮಿ ನೀರಿನಲ್ಲಿರುತ್ತದೆ, ಕಾರ್ನಿಯ ಹೊಕ್ಕರೆ ಸುಲಭಕ್ಕೆ ಬಿಡದು.

ಒಂದು ಕೈಯಿಂದ ರೆಪ್ಪೆ ಬಿಡಿಸಿ. ಚಿಕ್ಕ ಲೆನ್ಸ್ ಆದರೆ ಬಟ್ಟಲನ್ನು ಮಧ್ಯಕ್ಕೆ ಮೆಲ್ಲಗೆ ಮುಟ್ಟಿಸಿ, ನೇರ ಈಚೆಗೆ ತನ್ನಿ. ಸ್ಕ್ಲೀರಲ್ ಆದರೆ ಮಧ್ಯಕ್ಕೆ ಹಚ್ಚಲೇಬಾರದು. ಅದರ ಕೆಳಗೆ ದ್ರವ ತುಂಬಿರುತ್ತದೆ, ಮಧ್ಯಕ್ಕೆ ಹಚ್ಚಿ ಎಳೆದರೆ ಇಡೀ ಕಣ್ಣನ್ನೇ ಎಳೆದ ಹಾಗೆ. ಕೆಳ ಅಂಚಿನ ಹತ್ತಿರ ಹಚ್ಚಿ, ಮುಂದಕ್ಕೂ ಮೇಲಕ್ಕೂ ಎತ್ತಬೇಕು. ಅಂಚು ಬಿಟ್ಟುಕೊಂಡು ಗಾಳಿ ಒಳಗೆ ಹೋದರೆ ಲೆನ್ಸ್ ತಾನೇ ಬರುತ್ತದೆ. ಡಬ್ಬಿ ಮುಚ್ಚಳ ತೆಗೆಯಲು ಅಂಚಿಗೇ ಚಮಚ ಹಾಕುತ್ತೀರಲ್ಲ, ಅದೇ ಲೆಕ್ಕ. ಕಸಿ ಆದ ಕಣ್ಣಿನವರು ಎರಡರಷ್ಟು ಹುಷಾರಾಗಿರಬೇಕು.

ಬಿಗಿಯಾಗಿ ಕೂತಿದ್ದರೆ ಜಗ್ಗಾಡಬೇಡಿ. ಡಾಕ್ಟರು ಹೇಳಿದ ಡ್ರಾಪ್ಸ್ ಬಿಟ್ಟು ಕೆಲವು ನಿಮಿಷ ಕಾಯಿರಿ. ಆಗಲೂ ಬರದಿದ್ದರೆ, ನೋವು, ಕೆಂಪು ಇದ್ದರೆ ಆಸ್ಪತ್ರೆ. ಬಂದ ಲೆನ್ಸನ್ನು ಬಟ್ಟಲಿನಿಂದ ಕೀಳಬೇಡಿ, ಪಕ್ಕಕ್ಕೆ ಜಾರಿಸಿ. ಬಟ್ಟಲನ್ನು ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ ಇಡಿ. ಮೂರು ತಿಂಗಳಿಗೊಮ್ಮೆ ಹೊಸದು ಕೊಳ್ಳಿ ಎಂಬುದು ವಾಡಿಕೆಯ ಸಲಹೆ. ಮೆತ್ತನೆಯ ಲೆನ್ಸಿಗೆ ಈ ಬಟ್ಟಲು ಸಲ್ಲದು.

ಕೊಟ್ಟವರು ಹೇಳಬೇಡವೇ?

ಇನ್ನು ಅಸಲು ಪ್ರಶ್ನೆ. ಸಾವಿರಗಟ್ಟಲೆ ಎಣಿಸಿಕೊಂಡವರು ಈ ಪಾಠ ಹೇಳಬೇಡವೇ? ಹುಡುಗನಿಗೆ ಲೆನ್ಸ್ ಕೊಟ್ಟದ್ದು ಬೇರೆ ಊರಿನ ಅಂಗಡಿ. ಹಾಕುವುದನ್ನು ಒಂದು ಸಲ ತೋರಿಸಿದರಂತೆ. ತೆಗೆಯುವುದು? "ಇದ್ರಲ್ಲಿ ಬರುತ್ತೆ" ಅಂತ ಬಟ್ಟಲು ಕೈಗಿಟ್ಟರಂತೆ. ಕಡೆಯ ಬಸ್ಸಿನ ಹೊತ್ತಾಗಿತ್ತು, ಇವನೂ ಕೇಳಲಿಲ್ಲ. ಇಂಥ ಪಾಠಕ್ಕೆ ಬೇಕಾದದ್ದು ಅರ್ಧ ಗಂಟೆ, ಅಷ್ಟೇ.

ದುಡ್ಡು ಕೊಡುವ ಮೊದಲು ಅವರ ಎದುರಿಗೇ ನಿಮ್ಮ ಕೈಯಾರೆ ಹಾಕಿ, ತೆಗೆದು ತೋರಿಸಿ. ಬಟ್ಟಲು ಕಳೆದ ದಿನ ಏನು ಮಾಡಬೇಕು ಕೇಳಿ. ಚಿಕ್ಕ ಲೆನ್ಸನ್ನು ಕಣ್ಣಿನ ಹೊರ ಮೂಲೆ ಕಿವಿಯ ಕಡೆಗೆ ಎಳೆದು, ರೆಪ್ಪೆ ಬಡಿದೇ ಅಂಗೈಗೆ ಬೀಳಿಸಬಹುದು, ಅದನ್ನೂ ಕಲಿಯಿರಿ. ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಬರೆಸಿಕೊಳ್ಳಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.

ಹುಡುಗ ಈಗ ಮತ್ತೆ ಕೌಂಟರಿನಲ್ಲಿದ್ದಾನೆ. ಬೆಲೆ ಚೀಟಿ ಸರಿಯಾಗಿ ಓದುತ್ತಾನೆ. ದಿನಾ ರಾತ್ರಿ ಬಟ್ಟಲು ಹಿಡಿಯುವ ಮೊದಲು ಒಂದು ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡುತ್ತಾನಂತೆ. "ತಾರೀಖು ಎಷ್ಟು ಹೇಳೋ" ಅಂತ ಕೇಳುವ ಕೆಲಸ ತಾಯಿಯದು.